ಅಂಬಮ್ಮ ಕೊಟ್ಟ ಕಣ

ಬಸವನಕಟ್ಟೆಯ ಲೈಬ್ರರಿ ಎಂದರೆ ಈರುಳ್ಳಿ ಮಂಡಿಯ ಮಗ್ಗುಲಿಗಿದ್ದ ಒಂದು ಕೋಣೆ. ಮಂಡಿ ಪಂಚಾಕ್ಷರಪ್ಪನವರದು, ಕೋಣೆಯೂ ಅವರದೇ. ಮಾರಾಟವಾಗದೆ ಉಳಿದ ಈರುಳ್ಳಿ ಕೊಳೆತು, ಅದರ ನೀರು ಗೋಡೆಯ ಬುಡದಿಂದ ಜಿನುಗಿ ಪುಸ್ತಕದ ಕಪಾಟಿನ ಕೆಳಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ತಂದ ಯಾವ ಪುಸ್ತಕವನ್ನೂ ಪಂಕಜಾಕ್ಷಿ ಒಂದು ದಿನ ಬಿಸಿಲಿಗೆ ಹಾಕದೆ ಓದುತ್ತಿರಲಿಲ್ಲ.

ಅವಳು ತರೀಕೆರೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಷಣ್ಮುಖಪ್ಪ ಪಂಚಾಕ್ಷರಪ್ಪನವರ ಒಡಹುಟ್ಟಿದ ತಮ್ಮ. ಹೊಲಮನೆ ಪಾಲಾಗಿ ವರ್ಷಗಳು ಕಳೆದಿದ್ದರೂ ಅಣ್ಣನ ಮಂಡಿಯಲ್ಲೇ ಕೂರುತ್ತಿದ್ದ, ಅಣ್ಣ ಹೇಳಿದ್ದಕ್ಕೆ ತಲೆಯಾಡಿಸುತ್ತಿದ್ದ. ಆ ಮನೆಯಲ್ಲಿ ಓದುವ ಹುಚ್ಚಿದ್ದವಳು ಅವಳೊಬ್ಬಳೇ.

ಎಂಬತ್ತನಾಲ್ಕನೇ ಇಸವಿಯಲ್ಲಿ ಒಂದು ದಿನ ಕಪಾಟು ತೆಗೆದರೆ ಪುಸ್ತಕಗಳ ಹಿಂದೆ ಇಲಿ ಮರಿ ಹಾಕಿತ್ತು. ಕಣ್ಣು ಬಿಡದ ಕೆಂಪು ಮರಿಗಳು ಚೂರು ಚೂರಾದ ಕಾಗದದ ಮೇಲೆ ಮಿಸುಕಾಡುತ್ತಿದ್ದವು. ಪಂಕಜಾಕ್ಷಿ ಕಪಾಟು ಮುಚ್ಚಿದಳು. ಮನೆಗೆ ಬಂದು ಎರಡು ಸಲ ಕೈ ತೊಳೆದುಕೊಂಡಳು. ಅವತ್ತೇ ಸಂಜೆ ಸೆರಗು ತಲೆಗೆಳೆದುಕೊಂಡು ಭಾವನ ಮನೆಗೆ ಹೋಗಿ, ಬಾಗಿಲ ಮಗ್ಗುಲಲ್ಲಿ ನಿಂತು, ಊರಿಗೊಂದು ಲೈಬ್ರರಿ ಕಟ್ಟಡ ಬೇಕು ಎಂದಳು.

ಬೈಯುತ್ತಾರೆಂದುಕೊಂಡಿದ್ದಳು. ಪಂಚಾಕ್ಷರಪ್ಪನವರು ಎಲೆಗೆ ಸುಣ್ಣ ಸವರಿ ಮಡಿಚಿದರು.

"ಆಗ್ಲಿ ಕಣಮ್ಮ. ಜಾಗ, ಕಟ್ಟಡ ಊರೋರು ಮಾಡಿಕೊಟ್ರೆ ಪುಸ್ತಕ ಕೊಡ್ತೀವಿ ಅಂತ ಚಿಕ್ಕಮಗಳೂರಿನ ಲೈಬ್ರರಿ ಆಫೀಸಲ್ಲೂ ಅಂದಿದ್ರು. ಗಂಡಸರನ್ನ ನಾನು ಒಪ್ಪಿಸ್ತೀನಿ. ಮನೆ ಒಳಗಿನೋರನ್ನ ನೀನು ಒಪ್ಪಿಸು. ನಿನ್ನ ಮಾತು ಚೆನ್ನಾಗೈತೆ, ಯಾರೂ ಇಲ್ಲ ಅನ್ನಲ್ಲ."

ಆ ಮಾತು ಅವಳಿಗೆ ಹಿತವಾಗಿತ್ತು.

ಮುಂದಿನ ತಿಂಗಳುಗಳಲ್ಲಿ ಪಂಕಜಾಕ್ಷಿ ಹತ್ತದ ಜಗಲಿಯಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ, ಕಾಫಿ ಕೊಟ್ಟು, ಎಲ್ಲರೂ ಹೂಂ ಎಂದರು. ಆದರೆ ಒಬ್ಬರೂ ಸುಮ್ಮನೆ ಹೂಂ ಎನ್ನಲಿಲ್ಲ. ದೇವೀರಪ್ಪನವರ ಮನೆಯವರು ಕಲ್ಲು ಕೊಡುತ್ತೇವೆ, ಬಾಗಿಲ ಮೇಲೆ ನಮ್ಮ ಮಾವನವರ ಹೆಸರು ಕೆತ್ತಿಸಿ ಎಂದರು. ಅವರ ಹೆಸರು ಬರುವುದಾದರೆ ನಾವು ಒಂದು ಗಾಡಿ ಮರಳನ್ನೂ ಕೊಡುವುದಿಲ್ಲ ಎಂದು ಎದುರುಮನೆ ದಾಕ್ಷಾಯಣಮ್ಮ ಪಟ್ಟು ಹಿಡಿದಳು. ಮತ್ತೊಂದು ಮನೆಯಲ್ಲಿ ಯಜಮಾನಿತಿ ದನಿ ತಗ್ಗಿಸಿ, "ಕೆಳಗೇರಿಯೋರೂ ಒಳಗೆ ಬಂದು ಕೂರ್ತಾರೇನ್ರೀ?" ಎಂದು ಕೇಳಿದಳು. ಪಂಕಜಾಕ್ಷಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟಳು. ಆದರೂ ನಕ್ಕಳು. ಕಟ್ಟಡವೊಂದು ಎದ್ದರೆ ಸಾಕು, ಇವೆಲ್ಲ ತಾನಾಗಿ ಅಳಿಸಿಹೋಗುತ್ತವೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಮುಂದಿನ ಮನೆಗೆ ಹೋದಳು.

ಕಲ್ಲು, ಮರಳು, ಆಳು ಎಲ್ಲ ಒದಗಿತು. ಜಾಗ ಮಾತ್ರ ಒದಗಲಿಲ್ಲ. ರಸ್ತೆ ಪಕ್ಕದಲ್ಲಿ ಜಾಗವಿದ್ದವರೆಲ್ಲ ಒಂದೊಂದು ನೆವ ಹೇಳಿ ಜಾರಿಕೊಂಡರು. ಪಂಚಾಕ್ಷರಪ್ಪನವರಿಗೂ ರಸ್ತೆ ಪಕ್ಕ ಎರಡು ಕಡೆ ಜಾಗವಿತ್ತು. ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ.

"ಅಂಬಮ್ಮನ ಕಣ ಸರಿಯಾಗೈತೆ," ಎಂದರು. "ಅಜ್ಜಂಪುರದ ರಸ್ತೆಗೇ ಹೊಂದಿಕೊಂಡೈತೆ. ನಾನು ಕೇಳಿದ್ರೆ ಹೆದರ್ತಾಳೆ. ನೀನೇ ಹೋಗಿ ಕೇಳು. ಊರಾಚೆ ಬೇರೆ ಕಣಕ್ಕೆ ಜಾಗ ಮಾಡಿಕೊಡ್ತೀನಿ ಅಂತ ನನ್ನ ಮಾತಾಗಿ ಹೇಳು."

ಅಂಬಮ್ಮ ಕುರುಬರ ಕೇರಿಯ ವಿಧವೆ. ಒಂದು ತುಂಡು ಹೊಲ, ನಾಲ್ಕು ಕುರಿ, ತಾಯಿಯಿಲ್ಲದ ಮೊಮ್ಮಗಳು, ಗಂಡ ಬಿಟ್ಟುಹೋದ ಆ ಕಣ, ಇಷ್ಟೇ ಅವಳ ಬದುಕು. ಪಂಕಜಾಕ್ಷಿ ಹೋದಾಗ ಅವಳು ಕಣದ ಅಂಚಿನಲ್ಲಿ ಹುಲ್ಲು ಒಟ್ಟುತ್ತಿದ್ದಳು. ಮಾತೆಲ್ಲ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಂಗೆ ಅಕ್ಷರ ಬರಲ್ಲ ಅಮ್ಮೋರೆ. ಅಲ್ಲಿ ನಾನೇನ್ ಮಾಡ್ಲಿ?"

"ನಿನ್ನ ಮೊಮ್ಮಗಳು ಓದ್ತಾಳಲ್ಲ ಅಂಬಕ್ಕ. ಸ್ಕೂಲು ಮುಗಿಸಿ ಬಂದು ಇಲ್ಲೇ ಕೂತು ಓದ್ತಾಳೆ. ನಮ್ಮಜ್ಜಿ ಕೊಟ್ಟ ಜಾಗ ಅಂತಾಳೆ."

ಅಂಬಮ್ಮ ಕಣವನ್ನೊಮ್ಮೆ ನೋಡಿದಳು. ಅಳತೆ ಮಾಡಿದಂತೆ ಸಾರಿಸಿ ಬಳಿದು ಹಸನಾಗಿಟ್ಟಿದ್ದ ನೆಲ ಅದು.

"ಓದೋ ಮನೆ ಆಗ್ತದೆ ಅಂತ ನೀವು ಹೇಳ್ತೀರಾ?"

"ನಾನು ಹೇಳ್ತೀನಿ."

"ಹಂಗಾದ್ರೆ ತಗಳಿ."

ತರೀಕೆರೆಗೆ ಹೋಗಿ ಜಾಗದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದಳು. ಊರೆಲ್ಲ ಪಂಕಜಾಕ್ಷಿಯನ್ನು ಹೊಗಳಿತು.

ಕಟ್ಟಡ ಏಳತೊಡಗಿದ ಮೇಲೆ ಪಂಕಜಾಕ್ಷಿಗೆ ಒಂದೊಂದೇ ಸಂಗತಿ ಕಣ್ಣಿಗೆ ಚುಚ್ಚಿತು. ನಡುವೆ ಕಂಬವಿಲ್ಲದ ದೊಡ್ಡ ಹಾಲು. ಒಂದು ತುದಿಯಲ್ಲಿ ಮೊಣಕಾಲೆತ್ತರದ ಜಗಲಿ. ಹಿಂದುಗಡೆ ಹೊಗೆಗೂಡಿರುವ ಶೆಡ್ಡು. ಅದರ ಪಕ್ಕ ಕಿಟಕಿಯೇ ಇಲ್ಲದ ಒಂದು ಸಣ್ಣ ಕೋಣೆ.

"ಆ ಜಗಲಿ ಯಾತಕ್ಕೆ?" ಎಂದು ಗಂಡನನ್ನು ಕೇಳಿದಳು.

"ಭಾಷಣ ಗೀಷಣ ಮಾಡೋಕಿರ್ಬೇಕು," ಎಂದು ಷಣ್ಮುಖಪ್ಪ ಮುದ್ದೆ ಮುರಿದ. ಅವನ ಮುಖ ನೋಡಿದಾಗಲೇ ಅವನಿಗೆಲ್ಲ ಗೊತ್ತೆಂದು ಅವಳಿಗೆ ತಿಳಿಯಿತು. ಆದರೂ ತಿಳಿಯದವಳಂತೆ ಸಾರು ಬಡಿಸಿದಳು.

ಎಂಬತ್ತಾರರ ಬೇಸಿಗೆಯಲ್ಲಿ ಕಟ್ಟಡ ತೆರೆಯಿತು. ಹೊಸ ಪುಸ್ತಕಗಳು ಬಂದವು, ಬೆಂಚುಗಳು ಬಂದವು. ಅಂಬಮ್ಮನ ಮೊಮ್ಮಗಳು ತಿಪ್ಪಮ್ಮ ದಿನಾ ಸಂಜೆ ಚಿತ್ರದ ಪುಸ್ತಕ ಹಿಡಿದು ಕೂರುತ್ತಿದ್ದಳು. ಒಂದೂವರೆ ತಿಂಗಳಾಗಿತ್ತೋ ಇಲ್ಲವೋ, ದೇವೀರಪ್ಪನವರ ಮನೆಯ ಮದುವೆ ಬಂತು. ಎರಡು ದಿನಕ್ಕೆಂದು ಪುಸ್ತಕಗಳನ್ನು ಹಿಂದಿನ ಕೋಣೆಗೆ ಸಾಗಿಸಿದರು. ಆಮೇಲೆ ಇನ್ನೊಂದು ಮದುವೆ, ಒಂದು ನಾಮಕರಣ, ಯಾರದೋ ತಿಥಿ. ಪುಸ್ತಕ ನೋಡಿಕೊಳ್ಳಲು ಬಂದಿದ್ದ ಹುಡುಗ ಕೂರಲು ಜಾಗವಿಲ್ಲದೆ ಬೀರೂರಿನ ತನ್ನ ಮನೆಗೆ ಹೋದವನು ಮತ್ತೆ ಬರಲಿಲ್ಲ.

ಪಂಕಜಾಕ್ಷಿ ಒಂದು ಮಧ್ಯಾಹ್ನ ಹೋಗಿ ನೋಡಿದಳು. ಹೊಸ ಗೋಡೆಯ ಮೂಲೆ ಮೂಲೆಗೂ ಎಲೆಯಡಿಕೆ ಉಗಿದಿದ್ದರು. ಹಿತ್ತಲಲ್ಲಿ ಎಂಜಲೆಲೆಯ ರಾಶಿ, ಅದರ ಮೇಲೆ ಗುಂಯ್‌ಗುಡುವ ನೊಣ. ಹಿಂದಿನ ಕೋಣೆಯ ಬಾಗಿಲು ತಳ್ಳಿದರೆ ಹಳಸಿದ ಅನ್ನದ ವಾಸನೆ ಮುಖಕ್ಕೆ ಹೊಡೆಯಿತು. ಪುಸ್ತಕದ ಕಟ್ಟುಗಳ ಮೇಲೆ ಎಣ್ಣೆ ಜಿಡ್ಡಿನ ಕೊಪ್ಪರಿಗೆಯನ್ನು ಬೋರಲು ಹಾಕಿದ್ದರು. ಒಂದು ಕಟ್ಟು ಬಿಚ್ಚಿ ಹಾಳೆಗಳನ್ನು ಹರಿದಿದ್ದರು. ಬೂಂದಿ ಸುರಿಯಲು, ಕೈ ಒರೆಸಲು. ತುಪ್ಪದ ಕೈ ಒರೆಸಿ ಮುದುರಿ ಎಸೆದಿದ್ದ ಹಾಳೆಯೊಂದನ್ನು ಎತ್ತಿಕೊಂಡಳು. ಅದಕ್ಕೆ ಇರುವೆ ಮುತ್ತಿತ್ತು. ಅಲ್ಲೇ ಹೊರಗೆ ಬಂದು, ಗೋಡೆ ಹಿಡಿದು, ವಾಂತಿ ಮಾಡಿಕೊಂಡಳು.

ಭಾವನ ಮುಂದೆ ಹೋಗಿ ಹೇಳಿದರೆ ಅವರು ನಕ್ಕರು.

"ಓದೋಕೆ ಎಷ್ಟು ಜನ ಬಂದ್ರಮ್ಮ? ನೀನು, ಆ ಕುರುಬರ ಹುಡುಗಿ, ಇನ್ನೊಂದು ನಾಕು ಜನ. ಒಂದು ಮದ್ವೆಗೆ ಊರೇ ಬರ್ತದೆ. ಯಾವುದು ಊರಿಗೆ ಉಪಯೋಗ, ನೀನೇ ಹೇಳು."

"ಹಂಗಂತ ಮೊದ್ಲೇ ಹೇಳಿ ಕೇಳಬೋದಿತ್ತಲ್ಲ ಭಾವ."

"ಮದ್ವೆ ಮನೆ ಕಟ್ತೀವಿ ಅಂದಿದ್ರೆ ಯಾರು ಬಿಟ್ಟಿ ಕಲ್ಲು ಹೊರ್ತಿದ್ರು? ವಿದ್ಯೆ ಅಂದ್ರೆ ಜನ ಕೈ ಮುಗೀತಾರೆ."

ಇದಕ್ಕಿಂತ ಹೇಸಿಗೆಯಾದದ್ದು ಆಮೇಲೆ. ಅವಳು ಮತ್ತೆ ಅದೇ ಜಗಲಿಗಳನ್ನು ಹತ್ತಿದಳು. ಕಲ್ಲು ಕೊಟ್ಟವರನ್ನೂ, ಮರಳು ಹೊರಿಸಿದವರನ್ನೂ, ನಿಮಗೆ ಮೋಸವಾಗಿದೆ ಎಂದು ಎಬ್ಬಿಸಲು ನೋಡಿದಳು. ಯಾರಿಗೂ ಮೋಸವಾಗಿರಲಿಲ್ಲ. "ಒಳ್ಳೇದೇ ಆಯ್ತು ಬಿಡ್ರೀ, ಬೀರೂರಿಗೆ ಹೋಗಿ ಛತ್ರ ಹಿಡಿಯೋದು ತಪ್ಪಿತು," ಎಂದಳು ದಾಕ್ಷಾಯಣಮ್ಮ, ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡು. ಕೆಂಪು ರಸ ಅವಳ ತುಟಿಯಂಚಿನಿಂದ ಇಳಿಯುತ್ತಿತ್ತು. ಪಂಕಜಾಕ್ಷಿ ಅದನ್ನೇ ನೋಡುತ್ತಾ ಕೂತಿದ್ದು, ಎದ್ದು ಬಂದಳು. ಅವಳಿಗೆ ಊರಿನ ಅನ್ನವೇ ಬೇಡವೆನಿಸಿತು. ತನ್ನ ನಾಲಿಗೆಯೂ ಬೇಡವೆನಿಸಿತು.

ಅಂಬಮ್ಮನಿಗೆ ಹೇಳದೆ ಇರುವಂತಿರಲಿಲ್ಲ. ಬೇರೆ ಕಣಕ್ಕೆ ಜಾಗವೂ ಸಿಕ್ಕಿರಲಿಲ್ಲ. ಕಳೆದ ಸುಗ್ಗಿಯಲ್ಲಿ ಅವಳು ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡಿ, ಬಸ್ಸು ಲಾರಿಗಳ ಗಾಲಿಯಿಂದ ತುಳಿಸಿಕೊಂಡಿದ್ದಳು. ವರ್ಷವೆಲ್ಲ ಮುದ್ದೆಯಲ್ಲಿ ಹರಳು, ಡೀಸೆಲ್ ವಾಸನೆ. ಪಂಕಜಾಕ್ಷಿ ಎಲ್ಲವನ್ನೂ ಹೇಳಿ ಮುಗಿಸಿದಳು.

"ಮೊಮ್ಮಗಳು ಅಂದಿದ್ಲು, ಬಾಗಲು ಹಾಕಿರ್ತಾರೆ ಅಂತ," ಎಂದಳು ಅಂಬಮ್ಮ. "ನೀವು ಬಂದು ಹೇಳ್ಲಿ ಅಂತ ಕಾಯ್ತಿದ್ದೆ."

ಬೈಗುಳವಿರಲಿಲ್ಲ. ಅದೇ ಪಂಕಜಾಕ್ಷಿಗೆ ತಡೆಯಲಾರದ್ದಾಯಿತು.

ಕಾರ್ತಿಕ ಕಳೆಯಿತು. ಪಂಚಾಕ್ಷರಪ್ಪನವರ ಮಗಳ ಮದುವೆ ಅದೇ ಕಟ್ಟಡದಲ್ಲೆಂದು ನಿಶ್ಚಯವಾಯಿತು. ಗಂಡಿನವರು ಕಡೂರಿನ ದೊಡ್ಡ ಕೊಬ್ಬರಿ ವರ್ತಕರು. ಮದುವೆ ಮುಗಿದರೆ ಮುಂದಿನ ತಿಂಗಳು ಮಂಡಲ ಪಂಚಾಯಿತಿ ಚುನಾವಣೆ, ಅದಕ್ಕೆ ಪಂಚಾಕ್ಷರಪ್ಪನವರು ನಿಂತಿದ್ದರು. ಚಪ್ಪರದವರು ಬರುವ ದಿನ ಬೆಳಿಗ್ಗೆ ಅಂಬಮ್ಮ, ಅವಳ ಮೈದುನ ಚಿಕ್ಕಬೀರಪ್ಪ, ಕೇರಿಯ ಇನ್ನೊಂದಿಷ್ಟು ಜನ ಎರಡು ಗಾಡಿ ರಾಗಿ ಕಂತೆ ತಂದು ಲೈಬ್ರರಿಯ ಹಾಲಿನೊಳಗೆ ಸುರಿದರು. ಜಗಲಿಯ ತನಕ ಹರಡಿ ಬಡಿಯಲು ಶುರುಮಾಡಿದರು.

ಸುದ್ದಿ ಮುಟ್ಟಿದ ಕೂಡಲೇ ಪಂಚಾಕ್ಷರಪ್ಪನವರು ತಮ್ಮನ ಮನೆಗೆ ಬಂದರು. ಅವರು ಆ ಮನೆಯ ಹೊಸಿಲು ದಾಟಿದ್ದು ಪಾಲಾದ ಮೇಲೆ ಅದೇ ಮೊದಲು.

"ಪಂಕಜ, ಒಂದು ಮಾತು ಹೇಳಿ ಎಬ್ಬಿಸು. ನಿನ್ನ ಮಾತು ಕೇಳ್ತಾಳೆ."

"ಕೇಳಿದ್ದಕ್ಕೇ ಹಿಂಗಾಗಿದ್ದು."

"ಪೊಲೀಸ್ರನ್ನ ಕರೆಸೋದು ನಂಗೇನು ಕಷ್ಟ ಅಲ್ಲ."

"ಕರೆಸಿ. ಬೀಗರ ಮುಂದೆ, ಕೇರಿಯೋರ ಮುಂದೆ ಎಳಕೊಂಡು ಹೋಗ್ಲಿ. ಮುಂದಿನ ತಿಂಗಳು ಅವರೇ ಓಟು ಹಾಕೋರು."

ಅವರ ಮುಖ ಸಣ್ಣದಾಯಿತು. ಆಮೇಲೆ ದನಿ ಬದಲಾಯಿಸಿದರು. ಮಗಳ ಮದುವೆ, ಮನೆ ಮರ್ಯಾದೆ, ನೀನೂ ಈ ಮನೆಯವಳೇ ಅಲ್ಲವಾ ಎಂದರು. ಕಣ್ಣಲ್ಲಿ ನೀರೂ ಬಂತು. ಆ ನೀರನ್ನು ನೋಡಿ ಪಂಕಜಾಕ್ಷಿಗೆ ಕೊಳೆತ ಈರುಳ್ಳಿಯನ್ನು ಬರಿಗೈಯಲ್ಲಿ ಹಿಚುಕಿದಂತೆ ಅಸಹ್ಯವಾಯಿತು. ಷಣ್ಮುಖಪ್ಪ ಕಂಬ ಹಿಡಿದು ನಿಂತಿದ್ದ.

"ಹೋಗಿ ಒಂದು ಮಾತು ಹೇಳಬಾರದಾ," ಎಂದ ಮೆತ್ತಗೆ.

"ಹೋಗ್ತೀನಿ," ಎಂದು ಅವಳು ಹೊರಟಳು.

ಹಾಲಿನ ತುಂಬ ಧೂಳು. ಅವಳು ಒಳಗೆ ಬಂದಾಗ ಬಡಿಯುವ ಕೋಲುಗಳು ನಿಂತವು. ಹಿಂದೆಯೇ ಊರ ಜನ ಬಾಗಿಲಲ್ಲಿ ಮುತ್ತಿದರು.

"ಎಬ್ಬಿಸೋಕೆ ಬಂದ್ರಾ ಅಮ್ಮೋರೆ?" ಎಂದಳು ಅಂಬಮ್ಮ.

ಪಂಕಜಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಂಗೂ ಒಂದು ಕೋಲು ಕೊಡು ಅಂಬಕ್ಕ."

ಬಡಿದು ಅಭ್ಯಾಸವಿಲ್ಲದ ಕೈ, ಸ್ವಲ್ಪ ಹೊತ್ತಿಗೇ ಬೊಬ್ಬೆ ಬಂತು. ಬಾಗಿಲಲ್ಲಿ ಯಾರೋ ಸಾವ್ಕಾರರ ಮನೆ ಸೊಸೆ ಕೆಟ್ಟಳು ಎಂದರು. ಅವಳು ತಿರುಗಿ ನೋಡಲಿಲ್ಲ. ಸಂಜೆಯವರೆಗೂ ಬಡಿದಳು.

ಮದುವೆ ಬೀರೂರಿನ ಛತ್ರದಲ್ಲಿ ನಡೆಯಿತು. ಪಂಕಜಾಕ್ಷಿಯನ್ನು ಯಾರೂ ಕರೆಯಲಿಲ್ಲ, ಷಣ್ಮುಖಪ್ಪ ಒಬ್ಬನೇ ಹೋಗಿ ಬಂದ. ರಾಗಿ ತೆಗೆದ ಮೇಲೆ ಹಿಂದಿನ ಕೋಣೆಯಿಂದ ಪುಸ್ತಕಗಳು ಹಾಲಿಗೆ ಬಂದವು. ಓದಲು ಬರುವಂತೆ ಉಳಿದಿದ್ದು ಅರ್ಧದಷ್ಟೂ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವಳ ಮನಸ್ಸಿಗೆ ಒಂದಿಷ್ಟು ನೆಮ್ಮದಿಯಾಗುತ್ತಿತ್ತು. ಚುನಾವಣೆಗೆ ವಾರವಿರುವಾಗ ಪಂಚಾಕ್ಷರಪ್ಪನವರು ಲೈಬ್ರರಿಯಲ್ಲಿ ಸಭೆ ಸೇರಿಸಿದರು. ಮಗಳ ಮದುವೆಯನ್ನೇ ಬೇರೆ ಊರಲ್ಲಿ ಮಾಡಿದೆ, ವಿದ್ಯೆಯ ಜಾಗಕ್ಕೆ ಧಕ್ಕೆ ಬರಬಾರದು ಅಂತ, ಎಂದರು. ಅಂಬಮ್ಮನನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ದಾಕ್ಷಾಯಣಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಅಂಬಮ್ಮ ಏನು ಮಾಡಬೇಕೋ ತೋಚದೆ ಶಾಲಿನ ತುದಿ ಹಿಡಿದು ನಿಂತಿದ್ದಳು. ಪಂಚಾಕ್ಷರಪ್ಪನವರು ಗೆದ್ದರು, ಕುರುಬರ ಕೇರಿಯಿಂದಲೂ ಅವರಿಗೆ ಓಟು ಬಿತ್ತು.

ಸಭೆಯ ಮಾರನೆಯ ದಿನ ಪಂಕಜಾಕ್ಷಿ ಗಂಡನ ಮುಂದೆ ಬಂದು ನಿಂತಳು.

"ನಮ್ಮ ಹೊಲದ ಬದುವಿನ ಹತ್ರ ಗಟ್ಟಿ ನೆಲ ಐತಲ್ಲ. ಅದನ್ನ ಅಂಬಕ್ಕನಿಗೆ ಕಣಕ್ಕೆ ಬಿಟ್ಟುಕೊಡಿ."

"ಅಣ್ಣನ್ನ ಒಂದು ಮಾತು ಕೇಳಿ..."

"ಪಾಲಾಗಿರೋ ಹೊಲಕ್ಕೆ ಯಾವ ಅಣ್ಣ?"

ಷಣ್ಮುಖಪ್ಪ ಎದ್ದು, ಅಟ್ಟದ ಮೇಲಿದ್ದ ಗುದ್ದಲಿ ತೆಗೆದುಕೊಂಡು ಹೊಲದ ಕಡೆ ಹೋದ. ಅಂದು ಅವನು ಮಂಡಿಗೆ ಹೋಗಲಿಲ್ಲ.

ಲೈಬ್ರರಿ ಆಮೇಲೆ ನಡೆಯಿತು, ಕುಂಟುತ್ತಾ ಆದರೂ ನಡೆಯಿತು. ಪಂಕಜಾಕ್ಷಿ ವಾರಕ್ಕೊಮ್ಮೆ ಹೋಗಿ ಪುಸ್ತಕ ತರುತ್ತಿದ್ದಳು, ಅಲ್ಲಿ ಕೂರುತ್ತಿರಲಿಲ್ಲ. ದಾರಿಯಲ್ಲಿ ಎದುರಾದಾಗಲೆಲ್ಲ ಪಂಚಾಕ್ಷರಪ್ಪನವರು, "ಏನಮ್ಮಾ, ನಮ್ಮ ಲೈಬ್ರರಿ ಹೆಂಗೈತೆ?" ಎಂದು ಕೇಳುತ್ತಿದ್ದರು. ಅವಳು ತಲೆಗೆ ಸೆರಗು ಎಳೆಯದೆ ಮುಂದೆ ಹೋಗುತ್ತಿದ್ದಳು.