ಮೂವತ್ತೆಂಟನೆಯ ಮನೆ

ನಮ್ಮ ಮನೆಗೆ ಬರುವವರ ಮೇಲೆ ನನಗೆ ಅನುಮಾನ ಶುರುವಾದದ್ದು ಜನವರಿಯಿಂದ. ಅದಕ್ಕೆ ಮೊದಲು ಯಾರು ಬಂದರೂ ಕಾಫಿ ಕೊಡುತ್ತಿದ್ದೆ. ಆಮೇಲೆ ಬಂದವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆ, ಹೋದಮೇಲೆ ಗೇಟಿನ ಹತ್ತಿರ ನಿಂತು ಯಾರ ಜೊತೆ ಪಿಸುಗುಟ್ಟುತ್ತಾರೆ ಎಂದು ನೋಡುವುದೇ ಕೆಲಸವಾಯಿತು. ನಾನು ಗುಂಡ್ಲುಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು. ಮೂವತ್ತು ವರ್ಷ ಮಿಷನ್ನಿನ ಮುಂದೆ ಕೂತವಳಿಗೆ ಕಣ್ಣು ಚುರುಕಿರುತ್ತದೆ, ನಾಲಿಗೆಯೂ.

ನಮ್ಮ ಸಭೆಯ ಒಂದು ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಹೈವೇ ಆಚೆಯ ಓಣಿಯಲ್ಲಿರುವ ನಮ್ಮ ಚರ್ಚು ಚಿಕ್ಕದು, ಒಟ್ಟು ಮೂವತ್ತೆಂಟು ಮನೆ. ಭಾನುವಾರ ಮೊದಲ ಹಾಡು ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಎದ್ದು ನಿಂತು ಒಂದೊಂದೇ ಮನೆಯ ಹೆಸರು ಕೂಗುತ್ತಾರೆ. ಆ ಮನೆಯವರು ‘ಇದ್ದೀವಿ’ ಅನ್ನಬೇಕು. ಉತ್ತರ ಬರದಿದ್ದರೆ ಕೂತವರಲ್ಲಿ ಯಾರಾದರೂ ‘ನಾನ್ ನೋಡ್ಕಂಡ್ ಬತ್ತೀನಿ’ ಅಂದು, ಮುಂದಿನ ಭಾನುವಾರದೊಳಗೆ ಆ ಮನೆಗೆ ಹೋಗಿ ಬರಬೇಕು. ಪಾಸ್ಟರುಗಳು ಬದಲಾದರು, ಹೆಂಚು ಹೋಗಿ ತಾರಸಿ ಬಂತು, ಇದು ಮಾತ್ರ ನಿಂತಿಲ್ಲ.

ಮೂವತ್ತೊಂದು ವರ್ಷ ಆ ಹೆಸರುಗಳನ್ನು ಕೂಗಿದವರು ನನ್ನ ಯಜಮಾನರು ಸತ್ಯದಾನ. ವಾರವೆಲ್ಲ ತರಕಾರಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಿದ್ದ ಗಂಟಲು ಅದು. ಪುಸ್ತಕ ನೋಡುತ್ತಿರಲಿಲ್ಲ. ಮೂವತ್ತೇಳು ಮನೆ ಆದಮೇಲೆ ಕೊನೆಯದು ನಮ್ಮದು. ಬೇರೆ ಮನೆಗಳನ್ನೆಲ್ಲ ಗಂಡಸರ ಹೆಸರಿನಲ್ಲೇ ಕೂಗುವುದು, ಗಂಡಸು ತೀರಿಕೊಂಡಿದ್ದರೆ ಮಾತ್ರ ಹೆಂಗಸಿನ ಹೆಸರು. ಆದರೆ ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವುದಕ್ಕೆ ನಾಚಿಕೆಯಾಗಿ ಇವರು ‘ಸುಧಾಮಣಿ ಮನೆ’ ಅನ್ನುತ್ತಿದ್ದರು. ಮನೆಯಲ್ಲಿ ನನಗೆ ‘ಇವ್ಳೇ’ ಬಿಟ್ಟರೆ ಬೇರೆ ಹೆಸರಿಲ್ಲ. ವಾರಕ್ಕೊಂದು ಸಲ ಅವರ ಬಾಯಲ್ಲಿ ನನ್ನ ಹೆಸರು ಕೇಳುವುದಕ್ಕೆಂದೇ ಸೀರೆ ಇಸ್ತ್ರಿ ಮಾಡಿಕೊಂಡು ಹೋಗುತ್ತಿದ್ದೆ ಅಂದರೆ ನಗಬೇಡಿ.

ಎರಡು ವರ್ಷದಿಂದ ಅವರಿಗೆ ಮರೆವು. ಮೊದಲು ಕನ್ನಡಕ, ಬೀಗದ ಕೈ. ಆಮೇಲೆ ಮಾರ್ಕೆಟ್ಟಿನ ದಾರಿ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗಳು ವನಿತಾ ಚಾಮರಾಜನಗರದಲ್ಲಿ ಡಾಕ್ಟರಿಗೆ ತೋರಿಸಿದಳು. ಆ ಡಾಕ್ಟರು ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ಕೇಳಿ ಕೇಳಿ ಕಾಗದದಲ್ಲಿ ಗುರುತು ಹಾಕಿಕೊಂಡ. ನಲವತ್ತು ವರ್ಷ ಬಾಯಲ್ಲೇ ಲೆಕ್ಕ ಮಾಡಿದ ಮನುಷ್ಯ ತಲೆ ತಗ್ಗಿಸಿ ಕೂತಿದ್ದರು. ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ. ಊರಲ್ಲಿ ಯಾರಿಗೂ ಹೇಳಬಾರದು ಎಂದು ನಾನು ಅವತ್ತೇ ತೀರ್ಮಾನ ಮಾಡಿದೆ. ಸತ್ಯದಾನ ಅಂದರೆ ಎದ್ದು ನಿಲ್ಲುತ್ತಿದ್ದ ಜನ ಅವರನ್ನು ನೋಡಿ ಅಯ್ಯೋ ಪಾಪ ಅನ್ನುವುದನ್ನು ನಾನು ಕೇಳಲಾರೆ.

ಆದರೆ ಜನವರಿಯ ಮೊದಲ ಭಾನುವಾರ ಅವರು ‘ಜಯಶೀಲನ ಮನೆ’ ಎಂದು ಕೂಗಿಬಿಟ್ಟರು. ಜಯಶೀಲ ತೀರಿಕೊಂಡು ಐದು ತಿಂಗಳಾಗಿತ್ತು. ಅಲ್ಲಿಂದ ‘ಲಿಲ್ಲಿಯಮ್ಮನ ಮನೆ’ ಎಂದು ಅವನ ಹೆಂಡತಿಯ ಹೆಸರಿನಲ್ಲೇ ಕೂಗುತ್ತಿದ್ದರು. ಯಾರೂ ಉತ್ತರ ಕೊಡಲಿಲ್ಲ. ಇವರು ಮತ್ತೆ ಕೂಗಿದರು, ಹರಾಜಿನ ಹಾಗೆ ಜೋರಾಗಿ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಲಿಲ್ಲಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಸ್ ಡಿಪೋದ ಮೆಕ್ಯಾನಿಕ್ ರಾಜಶೇಖರ್ ಎದ್ದು ಹೋಗಿ, ಕಿವಿಯಲ್ಲಿ ಏನೋ ಹೇಳಿ, ತೋಳು ಹಿಡಿದು ಕೂರಿಸಿದ. ಉಳಿದ ಹೆಸರುಗಳನ್ನು ಅವನೇ ಕೂಗತೊಡಗಿದ. ನಮ್ಮ ಮನೆಯ ಸರದಿ ಬರುವ ಮೊದಲೇ ನಾನು ಯಜಮಾನರ ಕೈ ಹಿಡಿದು ಎದ್ದು ಬಂದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ, ವಾರಕ್ಕೊಬ್ಬರು. ಯಾರೂ ನೇರವಾಗಿ ವಿಷಯ ಎತ್ತುತ್ತಿರಲಿಲ್ಲ. ಒಬ್ಬಳು ಕರಿಬೇವು ಕೇಳುವುದಕ್ಕೆ ಬಂದಳು, ಅವಳ ಹಿತ್ತಲಲ್ಲೇ ಮರವಿದೆ. ಇನ್ನೊಬ್ಬರು ದಾರಿ ತಪ್ಪಿ ಬಂದೆ ಅಂದರು, ಹುಟ್ಟಿದ ಊರಲ್ಲಿ. ಒಂದು ವಾರ ಲಿಲ್ಲಿಯಮ್ಮ ಬ್ಲೌಸ್ ಹಿಡಿದುಕೊಂಡು ಬಂದಳು.

“ಅಕ್ಕ, ಇದ ಒಸಿ ಸಡ್ಲ ಮಾಡ್ಕೊಡಿ. ಅಣ್ಣ ಏನ್ ಮಾಡ್ತಾವ್ರೆ?”

ಗಂಡ ಸತ್ತ ಮೇಲೆ ಕಡ್ಡಿಯಾದವಳಿಗೆ ಬ್ಲೌಸ್ ಬಿಗಿಯಾಗುವುದು ಹೇಗೆ? “ಮನ್ಗವ್ರೆ” ಅಂದೆ. ಅವಳು ಕತ್ತು ಚಾಚಿ ಒಳಗೆ ನೋಡಿದಳು. ಬಾಗಿಲು ಮುಂದಕ್ಕೆ ಎಳೆದುಕೊಂಡೆ.

ನೀವು ಕೇಳಬಹುದು, ನೋಡಿಕೊಂಡು ಬರುವುದು ನಿಮ್ಮ ಪದ್ಧತಿಯಲ್ಲವೇ, ಅದರಲ್ಲಿ ತಪ್ಪೇನು ಎಂದು. ತಪ್ಪೇನೆಂದು ನನಗೆ ಗೊತ್ತು, ಯಾಕೆಂದರೆ ನಾನೂ ಹಾಗೆ ನೋಡಿಕೊಂಡು ಬಂದವಳೇ. ಬರದವರ ಮನೆಗೆ ಹೋಗಿ ಕಾಫಿ ಕುಡಿದು, ಪ್ರಾರ್ಥನೆ ಮಾಡಿ, ಅವರ ಮನೆಯ ಮುಸುರೆ ಪಾತ್ರೆ ಎಷ್ಟಿದ್ದವು, ಸೊಸೆ ಮುಖ ಯಾಕೆ ಊದಿಸಿಕೊಂಡಿದ್ದಳು ಎಲ್ಲ ಎಣಿಸಿಕೊಂಡು ಬಂದು ಬೋರ್‌ವೆಲ್ಲಿನ ಹತ್ತಿರ ಹಂಚಿದವಳು ನಾನು. ಈಗ ಬಂದವರೂ ಅದಕ್ಕೇ ಬಂದಿದ್ದಾರೆ ಎಂದು ನನಗೆ ಅನ್ನಿಸದೆ ಇನ್ನಾರಿಗೆ ಅನ್ನಿಸಬೇಕು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಪಾಡು.

ಎಲ್ಲರಿಗಿಂತ ರಾಜಶೇಖರನ ಮೇಲೆ ನನಗೆ ಹೆಚ್ಚು ಅನುಮಾನ. ಅವನು ನೆಪ ಹೇಳುತ್ತಿರಲಿಲ್ಲ. ಫೆಬ್ರವರಿಯಲ್ಲಿ ಮೂರು ಸಲ ಬಂದ, ಬಂದು ಯಜಮಾನರ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿದ.

“ಅಣ್ಣ, ಮನೆ ಎಸ್ರ ಒಂದ್ಸಲ ಏಳಿ, ಕೇಳನ.”

ಇವರು ಕಣ್ಣು ಮುಚ್ಚಿ ಮನೆಗಳ ಹೆಸರನ್ನು ಸಾಲಾಗಿ ಹೇಳುತ್ತಿದ್ದರು. ಸಂತೋಷವಾಗಿ ಹೇಳುತ್ತಿದ್ದರು, ಅದು ಬೇರೆ. ಜಯಶೀಲ, ಮುತ್ತಯ್ಯ, ಚಂದಕವಾಡಿ ಕಡೆಯಿಂದ ಬಂದು ನೆಲೆಸಿದ್ದ ಗುರುಪಾದ, ಸತ್ತು ಹತ್ತು ವರ್ಷವಾದವರೂ ಆ ಸಾಲಿನಲ್ಲಿದ್ದರು. ನಮ್ಮ ಮನೆಯ ಹೆಸರು ಮಾತ್ರ ಬರುತ್ತಿರಲಿಲ್ಲ, ಅಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ರಾಜಶೇಖರ್ ಜೇಬಿನಿಂದ ಕಾಗದ ತೆಗೆದು ಗುರುತು ಹಾಕಿಕೊಳ್ಳುತ್ತಿದ್ದ, ಥೇಟ್ ಆ ಡಾಕ್ಟರ ಹಾಗೆ. ಮೂರನೆಯ ಸಲ ನನಗೆ ತಡೆಯಲಾಗಲಿಲ್ಲ.

“ಏನಪ್ಪ ಬರ್ಕತಾ ಇದ್ದೀಯ? ನಮ್ ಯಜಮಾನ್ರು ಪಾಸೋ ಫೇಲೋ?”

“ಅಂಗಲ್ಲ ಕಣಕ್ಕ.”

“ಅವರ ಜಾಗ ನಿನಗ್ ಬೇಕು, ತಕ್ಕೊ. ಲಾಯಕ್ಕಿಲ್ಲ ಅಂತ ಕಮಿಟಿಗೆ ತೋರ್ಸಕ್ಕೆ ಚೀಟಿ ಯಾಕೆ? ಎದ್ದೋಗು.”

ಅವನು ಚೀಟಿ ಮಡಿಚಿ ಜೇಬಿಗಿಟ್ಟುಕೊಂಡು ಎದ್ದು ಹೋದ. ಹೋಗುವಾಗ ಸದ್ದಾಗದ ಹಾಗೆ ಗೇಟು ಮುಚ್ಚಿದ, ಅದೂ ನನಗೆ ಅನುಮಾನವೇ. ಬಿದ್ದ ಆಳಿಗೊಂದು ಕಲ್ಲು ಅಂತಾರಲ್ಲ, ಆ ಕಲ್ಲು ಅವನ ಜೇಬಿನಲ್ಲೇ ಇದೆ ಎಂದುಕೊಂಡೆ.

ವನಿತಾ ಬಂದಾಗ ಇದನ್ನೆಲ್ಲ ಹೇಳಿದೆ. “ಬುಡಮ್ಮ ಆ ಜನ್ರ ಸವಾಸ” ಅಂದು ಫೋನಿನಲ್ಲಿ ಬೆಂಗಳೂರಿನ ಒಂದು ದೊಡ್ಡ ಸಭೆಯ ಆರಾಧನೆ ಹಾಕಿಕೊಳ್ಳುವುದನ್ನು ಕಲಿಸಿದಳು. ಏನು ಹಾಡು, ಏನು ಲೈಟು. ಒಂದು ಸಲಕ್ಕೆ ನಾಲ್ಕು ಸಾವಿರ ಜನ ನೋಡುತ್ತಾರೆ. ಯಾರೂ ಕರಿಬೇವು ಕೇಳುವುದಿಲ್ಲ. ಎರಡು ಭಾನುವಾರ ನನಗೆ ಬಹಳ ನೆಮ್ಮದಿಯಾಯಿತು.

ಮೂರನೆಯ ಭಾನುವಾರ ಮೊದಲ ಹಾಡು ಮುಗಿಯುತ್ತಿದ್ದಂತೆ ಯಜಮಾನರು ಎದ್ದು ನಿಂತು ಫೋನಿಗೆ ಮುಖ ಮಾಡಿ ಒಂದು ಮನೆಯ ಹೆಸರು ಕೂಗಿದರು. ಕಾದರು. ಪರದೆಯಲ್ಲಿ ಕೋಟು ಹಾಕಿದ ಪಾಸ್ಟರು ನಗುತ್ತಾ ಬೇರೇನೋ ಹೇಳುತ್ತಿದ್ದ. ಇವರು ಮತ್ತೆ ಕೂಗಿದರು. ಬಾಯಿ ತೆರೆದುಕೊಂಡೇ ನಿಂತರು. ನಾನೇ ಹಿಂದಿನಿಂದ “ಇದ್ದೀವಿ” ಅಂದೆ. ಅವರು ತಿರುಗಿ ನನ್ನನ್ನು ನೋಡಿದರು.

“ನೀ ಯಾರವ್ವ?” ಎಂದು ಕೇಳಿದರು.

ಅವತ್ತು ಅಡುಗೆಮನೆಯಲ್ಲಿ ಕೂತು ಅತ್ತೆ. ನಾಲ್ಕು ಸಾವಿರ ಜನರಲ್ಲಿ ಒಬ್ಬರಿಗೂ ನಾನು ಅಳುತ್ತಿದ್ದೇನೆ ಎಂದು ಗೊತ್ತಿಲ್ಲ ಎಂಬುದು ಮೊದಲ ಸಲ ನನ್ನ ತಲೆಗೆ ಹೋಯಿತು. ಆದರೂ ಹಟ ಬಿಡಲಿಲ್ಲ. ಅಳುವುದನ್ನು ಹಂಚಿಕೊಂಡರೆ ಬೋರ್‌ವೆಲ್ಲಿಗೆ ಹೋಗುತ್ತದೆ ಎಂದು ನನಗಲ್ಲವೇ ಗೊತ್ತಿರುವುದು.

ಏಪ್ರಿಲ್‌ನಲ್ಲಿ ಒಂದು ಭಾನುವಾರ, ಒಂದು ಬ್ಲೌಸಿಗೆ ಹುಕ್ಕು ಹಾಕಿ ಹಿಂದಿನ ಬೀದಿಗೆ ಕೊಟ್ಟು ಬರೋಣವೆಂದು ಹೋಗಿದ್ದೆ. ಹತ್ತು ನಿಮಿಷ ಆಗಿರಬಹುದು. ಬಂದರೆ ಗೇಟು ತೆರೆದಿತ್ತು, ಕುರ್ಚಿ ಖಾಲಿ. ಗೋಡೆಯ ಮೊಳೆಯಲ್ಲಿದ್ದ ಬಿಳಿ ಷರಟೂ ಇಲ್ಲ. ಪಕ್ಕದ ಮನೆಯ ಫಖ್ರುನ್ನೀಸಾ ಕಾಂಪೌಂಡಿನ ಮೇಲಿಂದ ಹೇಳಿದಳು.

“ನಿಮ್ದು ಚರ್ಚ್ ಗಂಟೆ ಹೊಡೀತು ನೋಡಿ ಅಕ್ಕ, ಎದ್ದು ಹೋದ್ರು. ನಾನು ಕರ್ದೆ, ತಿರುಗಿ ನೋಡ್ಲಿಲ್ಲ. ಆಮೇಲೆ ಆ ಡಿಪೋದವ್ರು ಬೈಕ್‌ನಲ್ಲಿ ಬಂದು ಹಿಂದೇನೇ ಹೋದ್ರು.”

ರಾಜಶೇಖರ್. ನಾನಿಲ್ಲದ ಹೊತ್ತು ನೋಡಿ ಕರೆದುಕೊಂಡು ಹೋಗಿದ್ದಾನೆ, ಮೂವತ್ತೆಂಟು ಮನೆಯ ಮುಂದೆ ನಿಲ್ಲಿಸಿ, ನೋಡಿ ಇವರ ಸ್ಥಿತಿ ಎಂದು ತೋರಿಸುವುದಕ್ಕೆ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ, ಓಡಿದೆ. ಹೈವೇಯಲ್ಲಿ ಈರುಳ್ಳಿ ಲಾರಿಗಳು ಒಂದರ ಹಿಂದೊಂದು ಕೇರಳದ ಕಡೆ ಹೋಗುತ್ತಿದ್ದವು. ಆ ರಸ್ತೆಯನ್ನು ಅವರು ಹೇಗೆ ದಾಟಿದರೋ ಎಂದುಕೊಂಡು, ಎರಡು ಲಾರಿಗಳ ನಡುವೆ ನಾನೂ ದಾಟಿದೆ.

ಓಣಿಗೆ ತಿರುಗುವಾಗಲೇ ಆ ಗಂಟಲು ಕೇಳಿಸಿತು. ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು.

“ಜಯಶೀಲನ ಮನೆ.”

ಈಗ ಕಿಸಕ್ಕನ್ನುತ್ತಾರೆ ಎಂದು ಹಲ್ಲು ಕಚ್ಚಿ ನಿಂತೆ.

“ಇದ್ದೀವಿ” ಎಂದಿತು ಹೆಣ್ಣು ದನಿ. ಲಿಲ್ಲಿಯಮ್ಮನದು.

“ಮುತ್ತಯ್ಯನ ಮನೆ.” “ಇದ್ದೀವಿ.” ಮುತ್ತಯ್ಯನ ಸೊಸೆ. “ಗುರುಪಾದನ ಮನೆ.” ಗುರುಪಾದನ ಕಡೆಯವರು ಯಾರೂ ಈಗ ಊರಲ್ಲಿಲ್ಲ. ಆದರೂ ಮೂಲೆಯಿಂದ ಪಾಸ್ಟರ ಹೆಂಡತಿ “ಇದ್ದೀವಿ” ಅಂದರು. ಒಬ್ಬರೂ ನಗಲಿಲ್ಲ. ಒಳಗೆ ಇಣುಕಿದೆ. ಯಜಮಾನರು ಮುಂದೆ ನೆಟ್ಟಗೆ ನಿಂತಿದ್ದರು, ಷರಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು. ಪ್ರತಿ ಉತ್ತರಕ್ಕೂ ಹಳೆಯ ಹಾಗೆ ತಲೆಯಾಡಿಸುತ್ತಿದ್ದರು.

ಬಾಗಿಲ ಪಕ್ಕದಲ್ಲಿ ರಾಜಶೇಖರ್ ನಿಂತಿದ್ದ, ಕೈಯಲ್ಲಿ ಅದೇ ಕಾಗದ. ಕಿತ್ತುಕೊಂಡೆ. ಎಡಗಡೆ ಯಜಮಾನರು ಹೇಳುವ ಸಾಲಿನಲ್ಲೇ ಹೆಸರುಗಳು. ಸತ್ತವರ ಹೆಸರಿನ ಮುಂದೆಲ್ಲ ಒಂದು ಗುರುತು, ಅದರ ಪಕ್ಕದಲ್ಲಿ ಯಾರು ಉತ್ತರ ಕೊಡಬೇಕು ಎಂದು ಬರೆದಿತ್ತು. ಮೇಲೆ ಫೆಬ್ರವರಿಯ ತಾರೀಖು.

“ಇದಕ್ಕೇನಾ ಬರ್ಕತಾ ಇದ್ದದ್ದು?” ಅಂದೆ.

“ಯಾವತ್ತಾರ ಬಂದೇ ಬತ್ತಾರೆ ಅಂತ ಎಲ್ರಿಗೂ ಏಳ್ಕೊಟ್ಟಿದ್ದೊ” ಎಂದು ಅವನು ಪಿಸುಗುಟ್ಟಿದ. “ಅವತ್ತು ನಾವು ಸುಮ್ಕಿದ್ದದ್ದೇ ತಪ್ಪು ಕಣಕ್ಕ. ಅಲ್ಲಿಂದ ವಾರ ವಾರ ಒಬ್ಬೊಬ್ರು ಕೂಗ್ತಾವಿ. ಆ ಜಾಗ ಯಾರ್ಗೂ ಕೊಟ್ಟಿಲ್ಲ. ಇವತ್ತು ನೋಡ್ಕಂಡ್ ಬರಾದು ನನ್ ಸರದಿ, ನಿಮ್ ಮನೆತಕ್ ಬಂದ್ರೆ ಇರ್ನಿಲ್ಲ, ಬೆನ್ನಿಂದೆನೇ ಬಂದೆ, ರೋಡಲ್ಲಿ ಸಿಕ್ಕುದ್ರು. ದಾಟುಸ್ಕಂಡ್ ಬಂದೆ.”

ಮೂರು ತಿಂಗಳು ಇವರನ್ನೆಲ್ಲ ಬಾಗಿಲಾಚೆ ನಿಲ್ಲಿಸಿದ್ದೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ಕಾಗದದ ಕೊನೆಯ ಸಾಲು ನೋಡಿದೆ. ಯಜಮಾನರು ಹೇಳದಿದ್ದರೂ ರಾಜಶೇಖರ್ ಅದನ್ನು ಬರೆದುಕೊಂಡಿದ್ದ, ಮೂವತ್ತೆಂಟು, ಸುಧಾಮಣಿ ಮನೆ ಎಂದು. ಅದರ ಪಕ್ಕ ಯಾರ ಹೆಸರೂ ಇರಲಿಲ್ಲ.

ಮುಂದೆ ಯಜಮಾನರು ಮೂವತ್ತೇಳನೆಯ ಮನೆ ಕೂಗಿ ನಿಂತಿದ್ದರು. ಅಲ್ಲೇ ಅವರು ನಿಂತುಬಿಡುವುದು ಎಂದು ನನಗೆ ಗೊತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಅವರು ಕಣ್ಣು ಮುಚ್ಚಿದರು, ತೆರೆದರು, ಎಡಗಡೆಯ ಮೂರನೆಯ ಬೆಂಚಿನ ತುದಿ ನೋಡಿದರು. ಅದು ನಾನು ಕೂರುತ್ತಿದ್ದ ಜಾಗ. ಅಷ್ಟೊಂದು ಜನರಿದ್ದರೂ ಅಲ್ಲಿ ಯಾರೂ ಕೂತಿರಲಿಲ್ಲ.

“ಸುಧಾಮಣಿ ಮನೆ” ಎಂದು ಕೂಗಿದರು.

ನಾನು ಕಾಗದ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಯಾರಾದರೂ ನನ್ನ ಬದಲು ಹೇಳಿಬಿಡಲಿ ಅನ್ನಿಸಿತು, ಯಾರೂ ಹೇಳಲಿಲ್ಲ. ಅವರು ಇನ್ನೊಂದು ಸಲ ಕೂಗಿದರು, ಹೈವೇಗೆ ಕೇಳುವಷ್ಟು ಜೋರಾಗಿ.

“ಇದ್ದೀವಿ” ಅಂದೆ.

ಅವರು ತಲೆಯಾಡಿಸಿ ತಮ್ಮ ಜಾಗದಲ್ಲಿ ಕೂತರು. ನಾನು ಹೋಗಿ ನನ್ನ ಜಾಗದಲ್ಲಿ ಕೂತೆ.