ಕೊನೆಯ ಪುಟದ ಮೂರು ವಾಕ್ಯ

"ನನ್ನ ನಿವೃತ್ತಿ ಸುದ್ದಿ ನಾನೇ ತಿದ್ದೋಕೆ ನಾಚಿಕೆ ಆಗತ್ತಮ್ಮ," ಎಂದು ಕಾರ್ಖಾನೆಯ ವೆಲ್ಫೇರ್ ಅಧಿಕಾರಿ ಕರಡು ಹಾಳೆಗಳನ್ನು ಕಣ್ಣೆತ್ತಿಯೂ ನೋಡದೆ ಅವಳತ್ತ ತಳ್ಳಿದರು. "ಮೊದಲನೇ ಪುಟ ಬೇಡ ಅಂದ್ರೂ ನೀನು ಕೇಳೋಳಲ್ಲ, ಗೊತ್ತು. ಹಾಕ್ಕೋ ಹೋಗು. ಫೋಟೋ ಮಾತ್ರ ಇದನ್ನೇ ಹಾಕು."

ಫೋಟೋದಲ್ಲಿ ಅವರಿಗೆ ಈಗಿನದಕ್ಕಿಂತ ಬಹಳ ಹೆಚ್ಚು ಕೂದಲಿತ್ತು. "ಆಗಲಿ ಸರ್," ಎಂದು ಅವಳು ಅದನ್ನು ಫೈಲಿನೊಳಗೆ ಸೇರಿಸಿದಳು. ತನ್ನ ಮುಖದಲ್ಲಿ ಏನೂ ಕಾಣದಂತೆ ಇರುವುದನ್ನು ಅವಳು ಆ ಕೋಣೆಯಲ್ಲೇ ಕಲಿತಿದ್ದಳು.

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯ ವಾರ್ತಾಪತ್ರ ನಾಲ್ಕೇ ಪುಟದ್ದು. ಯಾರಿಗೆ ಬಡ್ತಿ, ಯಾರ ಮಗುವಿಗೆ ಬಹುಮಾನ, ಕ್ಯಾಂಟೀನಿನಲ್ಲಿ ಏನು ಬದಲಾಯಿತು ಎಂಬಂಥ ಸುದ್ದಿಗಳು. ಓದುವವರು ಓದುತ್ತಿದ್ದರು, ಉಳಿದವರು ಊಟದ ಡಬ್ಬಿಯ ಕೆಳಗೆ ಹಾಸುತ್ತಿದ್ದರು. ಆದರೆ ಅಧಿಕಾರಿಗೆ ಅದು ಹೆತ್ತ ಮಗುವಿನ ಹಾಗೆ. ಕಾಮಾ ತಪ್ಪಿದರೂ ಮೈಮೇಲೆ ಬಂದವರಂತೆ ಆಡುತ್ತಿದ್ದರು. ಕಾರ್ಮಿಕರು ಬೆನ್ನ ಹಿಂದೆ ಅವರನ್ನು ಕೆಂಪುಪೆನ್ನು ಎಂದೇ ಕರೆಯುತ್ತಿದ್ದುದು.

ಸುದ್ದಿ ಬರೆಯುವುದನ್ನು ಅವಳಿಗೆ ಕಲಿಸಿದವರೂ ಅವರೇ. ಅವಳು ಪ್ಯಾಕಿಂಗ್ ವಿಭಾಗದಲ್ಲಿ ಅಂಟುಪಟ್ಟಿ ಹಚ್ಚುತ್ತಿದ್ದಾಗ, ಕಾಲೇಜು ಮೆಟ್ಟಿಲು ಹತ್ತಿದವಳು, ಅಕ್ಷರ ದುಂಡಗಿದೆ ಎಂದು ಕರೆಸಿಕೊಂಡಿದ್ದರು. "ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಇಷ್ಟಕ್ಕೂ ಮೊದಲ ಪ್ಯಾರಾದಲ್ಲೇ ಉತ್ತರ ಬರ್ಬೇಕು. ಸುದ್ದಿ ಅಂದ್ರೆ ಹಾಲು, ವಿಶೇಷಣ ಅಂದ್ರೆ ಉಪ್ಪು. ಒಂದು ಹರಳು ಬಿದ್ರೂ ಒಡೆಯತ್ತೆ. ತಿಳೀತಾ?" ಅವರು ಒಳ್ಳೆಯ ಮೇಷ್ಟ್ರು. ಅದನ್ನು ಅವಳು ಎಂದೂ ಅಲ್ಲಗಳೆಯಲಿಲ್ಲ. ಹೊರಗಿನವರು ಬಂದರೆ ಅವಳನ್ನು ತೋರಿಸಿ, "ಈಕೇನ ನಾನೇ ಕೈಹಿಡಿದು ಮೇಲೆ ತಂದದ್ದು," ಎನ್ನುತ್ತಿದ್ದರು.

ಕೈ ಎಂಬ ಮಾತು ಬಂದಾಗಲೆಲ್ಲ ಅವಳು ತಲೆ ತಗ್ಗಿಸಿ ಕರಡು ತಿದ್ದತೊಡಗುತ್ತಿದ್ದಳು.

ಅವಳ ಗಂಡ ಅದೇ ಕಾರ್ಖಾನೆಯಲ್ಲಿ ಕಟಿಂಗ್ ಯಂತ್ರದ ಮೇಲಿದ್ದವನು. ಅಲಗಿನ ಮುಂದೆ ಕೈ ಹೋಗದಂತೆ ಒಂದು ಕಬ್ಬಿಣದ ಜಾಲರಿ ಇರಬೇಕು. ಜಾಲರಿ ಇದ್ದರೆ ಕೆಲಸ ನಿಧಾನವೆಂದು, ದೊಡ್ಡ ಆರ್ಡರು ಬಂದಿದ್ದ ದಿನಗಳಲ್ಲಿ ಅದನ್ನು ಬಿಚ್ಚಿಸಿಟ್ಟಿದ್ದರು. ಬಿಚ್ಚಿದ್ದನ್ನು ಇಡೀ ವಿಭಾಗವೇ ನೋಡಿತ್ತು. ಒಂದು ಮಂಗಳವಾರ ಅವನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಸಂಜೆಯೊಳಗೆ ಜಾಲರಿ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತ್ತು, ಬಿಚ್ಚಿಯೇ ಇರಲಿಲ್ಲವೆಂಬಂತೆ.

ಆ ತಿಂಗಳ ವಾರ್ತಾಪತ್ರವನ್ನು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದ್ದಳು. ಕೊನೆಯ ಪುಟದಲ್ಲಿ, ಕ್ಯಾಂಟೀನಿನ ಪ್ರಕಟಣೆಯ ಕೆಳಗೆ, ಮೂರು ವಾಕ್ಯ: "ಕಟಿಂಗ್ ವಿಭಾಗದಲ್ಲಿ ಮಂಗಳವಾರ ಸಣ್ಣ ಅಪಘಾತ ಸಂಭವಿಸಿದ್ದು, ಒಬ್ಬ ಕೆಲಸಗಾರನ ಕೈಗೆ ಪೆಟ್ಟಾಗಿದೆ. ಇದಕ್ಕೆ ಆತನ ಸ್ವಂತ ಅಜಾಗರೂಕತೆಯೇ ಕಾರಣವೆಂದು ತಿಳಿದುಬಂದಿದೆ. ಉತ್ಪಾದನೆಗೆ ಯಾವುದೇ ಅಡಚಣೆಯಾಗಿಲ್ಲ."

ಅಜಾಗರೂಕತೆ ಎಂಬುದು ಕಾರ್ಖಾನೆಯ ಗೇಟು ದಾಟುವಷ್ಟರಲ್ಲಿ ನಿದ್ದೆಗಣ್ಣಾಯಿತು, ಮನೆ ಇದ್ದ ಬೀದಿಗೆ ಬರುವಷ್ಟರಲ್ಲಿ ಕುಡಿತವಾಯಿತು. ಗಂಡನ ತಾಯಿ, ಅವಳ ಅತ್ತೆ, ಮಗನನ್ನು ನೇರವಾಗಿ ಕೇಳಲಿಲ್ಲ. ಸೊಸೆಯನ್ನು ಕೇಳಿದರು: "ಕುಡ್ಕೊಂಡು ಹೋಗಿದ್ನೇನೇ?" ಇಲ್ಲ ಅತ್ತೆ ಎಂದರೆ, "ಪೇಪರಲ್ಲಿ ಅಚ್ಚಾಗಿದ್ದು ಸುಳ್ಳಾಗತ್ತಾ?" ಎಂದರು. ಹಾಗೆಯೇ ನಂಬಿಕೊಂಡು ಒಂದು ದಿನ ತೀರಿಕೊಂಡರು. ಗಂಡ ಮನೆ ಹೊರಗೆ ಕೂರುವುದನ್ನೇ ಬಿಟ್ಟ. ಅವನ ಬದಲಿಗೆ ಕಾರ್ಖಾನೆ ಅವಳಿಗೆ ಕೆಲಸ ಕೊಟ್ಟಿತು. ಬಾಯಿಗೆ ಬೀಗ ಹಾಕುವುದಕ್ಕೆ ಕೊಟ್ಟರು ಎಂದು ಅವಳಿಗೆ ಗೊತ್ತಿತ್ತು. ಬೀಗವನ್ನು ತೆಗೆದುಕೊಂಡಳು, ಕೀಲಿಕೈಯನ್ನು ಯಾರಿಗೂ ಕೊಡಲಿಲ್ಲ.

ಈಗ ಅಧಿಕಾರಿ ನಿವೃತ್ತರಾಗುತ್ತಿದ್ದರು. ಅವರು ಕರಡನ್ನು ಅವಳ ಕೈಗೆ ತಳ್ಳಿದ ಮೇಲೆ, ಅವಳಿಗೂ ಅಚ್ಚುಯಂತ್ರಕ್ಕೂ ನಡುವೆ ಯಾರೂ ಉಳಿದಿರಲಿಲ್ಲ.

ಮಧ್ಯಾಹ್ನ ಪ್ರೆಸ್ಸಿನವನು ಫೋನ್ ಮಾಡಿದ. "ಮೇಡಂ, ಸಾಹೇಬ್ರ ಫೋಟೋ ಬಂದಿಲ್ವಲ್ಲ?"

"ಮೊದಲ ಪುಟಕ್ಕೆ ಹೊಸ ನೀರಿನ ಟ್ಯಾಂಕಿನ ಫೋಟೋ ಕಳಿಸಿದೀನಲ್ಲ, ಅದೇ."

"ಅಷ್ಟು ದೊಡ್ಡದಾ?"

"ಪುಟ ತುಂಬಬೇಕು. ಟ್ಯಾಂಕೂ ತುಂಬ ದೊಡ್ಡದೇ ಇದೆ," ಎಂದಳು.

ಶುಕ್ರವಾರ ಪ್ಯಾಕಿಂಗ್ ಹಾಲಿನಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಅಧಿಕಾರಿಯ ಹೆಂಡತಿ, ತಮ್ಮ, ತಮ್ಮನ ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ಮ್ಯಾನೇಜರು ಮಾತು ಮುಗಿಸಿ ಗೋಡೆ ಗಡಿಯಾರ ಕೊಟ್ಟರು. ಆಮೇಲೆ ವಾರ್ತಾಪತ್ರ ಹಂಚಿದರು. ಹೆಂಡತಿ ಕನ್ನಡಕ ಹಾಕಿಕೊಂಡು ಮೊದಲ ಪುಟ ನೋಡಿದರು. ನೀರಿನ ಟ್ಯಾಂಕು. ಎರಡನೆಯದು ನೋಡಿದರು, ಮೂರನೆಯದು ನೋಡಿದರು. ಮತ್ತೆ ಮೊದಲಿಗೇ ಬಂದು ಟ್ಯಾಂಕಿನ ಹಿಂದೆ ಎಲ್ಲಾದರೂ ಗಂಡ ನಿಂತಿರಬಹುದೇನೋ ಎಂಬಂತೆ ಹುಡುಕಿದರು.

ಮೊದಲು ನಕ್ಕದ್ದು ಕಟಿಂಗ್ ವಿಭಾಗದ ಹಳೆಯ ತಲೆಗಳು. ಒಬ್ಬ ಪಕ್ಕದವನಿಗೆ ಕೊನೆಯ ಪುಟ ತೋರಿಸಿದ. ಅವನು ಪಿಸುದನಿಯಲ್ಲಿ ಓದಲು ಹೋದ, ನಗು ತಡೆಯಲಾರದೆ ದನಿ ಮೇಲೆದ್ದುಬಿಟ್ಟಿತು: "ವೆಲ್ಫೇರ್ ವಿಭಾಗದಲ್ಲಿ ಶುಕ್ರವಾರ ಸಣ್ಣ ಸಮಾರಂಭ ನಡೆದಿದ್ದು, ಒಬ್ಬ ಅಧಿಕಾರಿ ನಿವೃತ್ತರಾಗಿದ್ದಾರೆ. ಇದಕ್ಕೆ ಅವರ ಸ್ವಂತ ವಯಸ್ಸೇ ಕಾರಣವೆಂದು ತಿಳಿದುಬಂದಿದೆ. ಉತ್ಪಾದನೆಗೆ ಯಾವುದೇ ಅಡಚಣೆಯಾಗಿಲ್ಲ."

ಹಾಲಿಗೆ ಹಾಲೇ ಹೋ ಎಂದಿತು. ಅರ್ಥವಾಗದವರು ಸಾಲುಗಳಿಗೆ ನಕ್ಕರು. ಅರ್ಥವಾದವರು ನಡುವೆ ಸಟ್ಟನೆ ನಿಲ್ಲಿಸಿ ನೆಲ ನೋಡಿದರು. ಅಧಿಕಾರಿಯೂ ಎಲ್ಲರೊಡನೆ ನಗಲು ಬಾಯಿ ತೆರೆದಿದ್ದರು. ಅದು ಹಾಗೆಯೇ ತೆರೆದುಕೊಂಡಿತ್ತು. ಅವಳು ಹಿಂದಿನ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿದಳು. ಒಂದು ಕ್ಷಣವೂ ಕಣ್ಣು ತೆಗೆಯಲಿಲ್ಲ. ಬಿಸಿಲಲ್ಲಿ ನಡೆದು ಬಂದವರು ತಣ್ಣೀರು ಕುಡಿದ ಹಾಗಿತ್ತು ಅದು.

ಅವರು ಅವಳ ಕೋಣೆಗೆ ಬಂದಾಗ ಗಡಿಯಾರದ ಪೆಟ್ಟಿಗೆ ಇನ್ನೂ ಕಂಕುಳಲ್ಲಿತ್ತು. "ಏನಮ್ಮ ಇದು?"

"ಸುದ್ದಿ ಸರ್. ವಿಶೇಷಣಗಳೂ ನಿಮ್ಮವೇ."

"ಯಾಕೆ ಹೀಗೆ ಮಾಡಿದೆ?"

ಅವಳು ಹಳೆಯ ಮೂರು ವಾಕ್ಯಗಳನ್ನು ಬಾಯಿಪಾಠ ಒಪ್ಪಿಸಿದಳು. ಅವರಿಗೆ ಮರೆತೇ ಹೋಗಿರುತ್ತದೆ, ಬಿಡಿಸಿ ಹೇಳಬೇಕಾಗುತ್ತದೆ ಎಂದು ಸಿದ್ಧಳಾಗಿದ್ದಳು. ಆದರೆ ಎರಡನೇ ವಾಕ್ಯ ಅರ್ಧವಾಗುವಷ್ಟರಲ್ಲಿ ಅವರು ಕುರ್ಚಿಗೆ ಕುಸಿದರು.

"ಮೇಲಿನವರು ಹೇಳಿದ್ರು, ಬರೆದೆ. ಆಮೇಲೆ ನಿನ್ನ ಕೆಲಸಕ್ಕೆ ಓಡಾಡಿದ್ದು ನಾನು. ಇಲ್ಲಿಗೆ ಕರ್ಕೊಂಡಿದ್ದೂ ನಾನು. ಅದನ್ನೆಲ್ಲ ಸುಮ್ಮನೆ ಮಾಡಿದೆ ಅಂದ್ಕೊಂಡ್ಯಾ?"

ಹಾಗಾದರೆ ಗೊತ್ತಿತ್ತು. ಇಷ್ಟು ವರ್ಷ ಎದುರುಬದುರು ಕೂತು ಕಾಮಾ ತಿದ್ದುತ್ತಿದ್ದಾಗಲೂ ಗೊತ್ತಿತ್ತು. ಆರುತ್ತಿದ್ದ ಅವಳ ಸಿಟ್ಟಿಗೆ ಯಾರೋ ತುಪ್ಪ ಸುರಿದಂತಾಯಿತು.

"ಪುಟ ನಿಮ್ಮದೇ ಇತ್ತಲ್ಲ ಸರ್. ಪ್ರತಿ ತಿಂಗಳೂ ಇತ್ತು. ಒಂದು ತಿದ್ದುಪಡಿ ಹಾಕೋಕೆ ಎಷ್ಟು ಜಾಗ ಬೇಕಿತ್ತು?"

ಅವರು ಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆದರು. "ನನ್ನ ಹೆಂಡ್ತಿ ಎದುರಿಗೆ ಹೀಗೆ ಮಾಡ್ಬಾರದಿತ್ತು."

"ನಮ್ಮತ್ತೆ ತಮ್ಮ ಮಗನ್ನ ಕುಡುಕ ಅಂದ್ಕೊಂಡೇ ಹೋದ್ರು ಸರ್. ಅವರಿಗೆ ನಾನೀಗ ಯಾವ ಪೇಪರ್ ತಲುಪಿಸಲಿ?"

ಅವರು ಎದ್ದು ಹೋದರು. ಮೆಟ್ಟಿಲ ಕೆಳಗೆ ಹೆಂಡತಿ ಏನೋ ಕೇಳಿದ್ದು ಕೇಳಿಸಿತು, ಅವರ ಉತ್ತರ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ, ಸೋಮವಾರ ಮ್ಯಾನೇಜರನ್ನು ಕಾಣಬೇಕೆಂದು ಅವಳಿಗೆ ಕರೆ ಬಂತು.

ಮನೆಗೆ ಬಂದು ವಾರ್ತಾಪತ್ರವನ್ನು ಗಂಡನ ಮುಂದಿಟ್ಟಳು. ಅವನು ಎಡಗೈಯಿಂದ ಬಿಡಿಸಿ ಓದಿದ. ಮೂರನೇ ವಾಕ್ಯಕ್ಕೆ ಬಂದಾಗ ನಗು ಉಕ್ಕಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಮಾರಾಯ್ತಿ, ಕೆಲಸ ಹೋಗತ್ತಲ್ಲೇ."

"ಹೋದ್ರೆ ಹೋಗತ್ತೆ."

ಅವನು ಮತ್ತೊಮ್ಮೆ ಓದಿದ. ಈ ಸಲ ನಗಲಿಲ್ಲ. "ಅವರ ಮಾನವೇನೋ ಹೋಯ್ತು. ನಂದು ಬಂತೇನೇ?"

ಅವಳು ಎದ್ದು ಒಲೆಯ ಕಡೆ ಹೋದಳು. ಟೀಗೆ ನೀರಿಟ್ಟಳು.

ಕತ್ತಲಾಗುವ ಮುಂಚೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹಾಲಿನಲ್ಲಿ ಗಟ್ಟಿಯಾಗಿ ಓದಿದ ಅದೇ ಮನುಷ್ಯ. ಗಂಡನ ಪಕ್ಕದ ಯಂತ್ರದ ಮೇಲಿದ್ದವನು. ಅಪಘಾತವಾದ ಮೇಲೆ ಈ ಬೀದಿಗೇ ಕಾಲಿಟ್ಟವನಲ್ಲ. ಒಳಗೆ ಬರಲೋ ಬೇಡವೋ ಎಂದು ಚಪ್ಪಲಿಯನ್ನು ಅರ್ಧ ಬಿಟ್ಟು ನಿಂತಿದ್ದ.

"ಬಾರೋ," ಎಂದ ಗಂಡ.

ಅವನು ಕುರ್ಚಿಯ ತುದಿಯಲ್ಲಿ ಕೂತ. ಅವಳು ಟೀ ತಂದಿಟ್ಟಳು.

"ಅವತ್ತು ನಾನೂ ಬಾಯಿ ಮುಚ್ಕೊಂಡಿದ್ದೆ," ಎಂದ ಅವನು ಕೊನೆಗೆ. "ಮಕ್ಕಳು ಚಿಕ್ಕವರಿದ್ರು."

ಗಂಡ ಅವಳ ಕಡೆ ನೋಡಿದ. ಅವಳು ಬಿಳಿ ಹಾಳೆಯೊಂದನ್ನು ತಂದು ಮೇಜಿನ ಮೇಲಿಟ್ಟು ಎದುರಿಗೆ ಕೂತಳು.

"ಜಾಲರಿ ತೆಗೀರಿ ಅಂದಿದ್ದು ಯಾರಣ್ಣ?"

ಅವನು ಹಾಳೆಯನ್ನು ನೋಡಿದ, ಬಾಗಿಲ ಕಡೆ ನೋಡಿದ. ಆಮೇಲೆ ಟೀ ಲೋಟವನ್ನು ಪಕ್ಕಕ್ಕೆ ಸರಿಸಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.