ಕಾಮಾಲೆ ಸೊಪ್ಪು

ಮಧುರೆ ಹಳ್ಳಿಯ ಅಶ್ವತ್ಥಮ್ಮನ ಬಾಯಿಗೆ ಸಿಕ್ಕಿ ಉಳಿದವರು ಯಾರಿದ್ದಾರೆ ಹೇಳಿ! ಬದುವಿನಾಚೆ ಪಿಳ್ಳಮ್ಮ ಬೆಳೆದ ಪಾಲಕ್ ಕಂಡರಂತೂ ಅವಳ ನಾಲಿಗೆಗೆ ಹಬ್ಬ.

"ಏನೇ ಪಿಳ್ಳಿ, ನಿನ್ ಸೊಪ್ಪಿಗೆ ಕಾಮಾಲೆ ಬಂದೈತಾ? ನಂದ್ ನೋಡು, ಹೆಂಗ್ ಕರ್ರಗೆ ಮಿಂಚ್ತೈತೆ! ಯೂರಿಯಾ ಮುಟ್ಟಿ ಎರಡು ವರ್ಷ ಆಯ್ತು ಕಣೇ."

ಯೂರಿಯಾ ಮುಟ್ಟಿರಲಿಲ್ಲ, ನಿಜ. ಅಂಗಡಿಯವನು ಕೊಟ್ಟ ಬಿಳಿ ನೈಟ್ರೇಟ್ ಗೊಬ್ಬರವನ್ನು ಕರಗಿಸಿ, ಕೊಯ್ಲಿಗೆ ಎರಡು ದಿನ ಮುಂಚೆ ಡ್ರಿಪ್ ಪೈಪಿಗೆ ಬಿಡುತ್ತಿದ್ದಳು. ಯೂರಿಯಾ ಅಲ್ಲ ಅಂದಮೇಲೆ ಒಳ್ಳೆಯದೇ ಅಂತ ನಂಬಿದ್ದಳು, ಪಾಪ. ಪಿಳ್ಳಮ್ಮ ಹಾಕುತ್ತಿದ್ದದ್ದು ಬರೀ ಕೊಟ್ಟಿಗೆ ಗೊಬ್ಬರ.

ಹೋದ ವಾರ ಸಿಂಚನ ಎಂಬ ಹುಡುಗಿ ಬಂದಳು. ಎಳೆ ಮಕ್ಕಳಿಗೆ ಗಂಜಿ ಮಾಡುವ ಅಡುಗೆಮನೆಯೊಂದಕ್ಕೆ ದಿನಾ ಸೊಪ್ಪು ಬೇಕಿತ್ತು, ಒಬ್ಬರದ್ದು ಸಾಕಿತ್ತು. ಹಾಲಿನ ಡೇರಿ ಮುಂದೆ ಹೆಂಗಸರನ್ನು ಕೂರಿಸಿಕೊಂಡು ಹೇಳಿದಳು:

"ಯೂರಿಯಾ ಮಣ್ಣಲ್ಲಿ ಬದಲಾಗೋಕೆ ಒಂದಷ್ಟು ದಿನ ಹಿಡಿಯುತ್ತೆ, ಕೊಟ್ಟಿಗೆ ಗೊಬ್ಬರ ಇನ್ನೂ ನಿಧಾನ. ನೈಟ್ರೇಟ್ ಗೊಬ್ಬರ ಹಂಗಲ್ಲ, ಬೇರು ನೇರವಾಗಿ ಹೀರ್ಕೊಳ್ಳುತ್ತೆ. ಗಿಡ ಬಳಸ್ಕೊಳ್ಳೋ ಮುಂಚೆ ಕೊಯ್ದ್ರೆ ಎಲೇಲೇ ಉಳ್ಕೊಳ್ಳುತ್ತೆ. ದೊಡ್ಡೋರು ತಡ್ಕೋತೀವಿ, ಕೂಸುಗಳಿಗೆ ಆಗಲ್ಲ. ಮುಂದಿನ ವಾರ ಬಂದು ಪರೀಕ್ಷೆ ಮಾಡ್ತೀನಿ, ಒಂದೊಂದು ಕಟ್ಟು ತನ್ನಿ."

ಅಶ್ವತ್ಥಮ್ಮನಿಗೆ ತನ್ನ ಬಿಳಿ ಗೊಬ್ಬರ ನೆನಪಾಯಿತು. ಇಷ್ಟು ವರ್ಷ ಮೆರೆದು ಈಗ ಊರವರ ಮುಂದೆ ತಲೆ ತಗ್ಗಿಸುವುದೇ? ಪರೀಕ್ಷೆಯ ದಿನ ಬೆಳಗ್ಗೆ ಬದು ದಾಟಿ, ಪಿಳ್ಳಮ್ಮನ ಸೊಪ್ಪಿನ ಮಡಿಯಿಂದ ಒಂದು ಕಟ್ಟು ಕೊಯ್ದು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

ಡೇರಿ ಮುಂದೆ ಸಿಂಚನ ಎಲೆ ಅರೆದು, ನೈಟ್ರೇಟ್ ಹೆಚ್ಚಿದ್ದರೆ ಬಣ್ಣ ಏರುವ ಕಾಗದದ ಪಟ್ಟಿಯನ್ನು ರಸಕ್ಕೆ ಅದ್ದಿದಳು. ಬಣ್ಣ ಏರಲೇ ಇಲ್ಲ.

"ಅಶ್ವತ್ಥಮ್ಮೋರೆ, ತುಂಬಾ ಚೆನ್ನಾಗಿದೆ. ನಾಳೆಯಿಂದ ನಿಮ್ದೇ ತಗೋತೀವಿ!" ಎಂದು ಕಟ್ಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ತಿಳಿ ಹಳದಿ ಬೆರೆತ ಹಸಿರು. ಅದು ಯಾರ ಸೊಪ್ಪೆಂದು ಊರ ಹೆಂಗಸರಿಗೆಲ್ಲ ಗುರುತು ಸಿಕ್ಕಿತು. ಯಾರೋ ಕೆಮ್ಮಿದರು.

"ನೀವು ತಂದಿಲ್ವಾ?" ಸಿಂಚನ ಪಿಳ್ಳಮ್ಮನ ಕಡೆ ತಿರುಗಿದಳು.

ಪಿಳ್ಳಮ್ಮ ಆ ಕಟ್ಟನ್ನೇ ನೋಡುತ್ತಿದ್ದಳು. "ನಂದು ಕಾಮಾಲೆ ಸೊಪ್ಪು ಕಣವ್ವ, ಯಾರಿಗ್ ಬೇಕು ಅಂತ ತರ್ಲಿಲ್ಲ. ಅಕ್ಕಂದೇ ತಗೊಳ್ಳಿ."

ಬೈದಿದ್ದರೆ ಅಶ್ವತ್ಥಮ್ಮ ಎರಡರಷ್ಟು ಬೈದು ಗೆಲ್ಲುತ್ತಿದ್ದಳು. ಪಿಳ್ಳಮ್ಮ ಬೈಯಲೇ ಇಲ್ಲ. ಥೂ, ತನ್ನದೂ ಒಂದು ಬಾಳೇ ಅನ್ನಿಸಿತು. ಕದ್ದದ್ದು ಒಂದು ಕಟ್ಟಲ್ಲ. ಇವಳ ಧೈರ್ಯವನ್ನೇ ವರ್ಷಗಟ್ಟಲೆ ಕಿತ್ತು ತಿಂದಿದ್ದಳು. ನಾಳೆ ಕೂಸುಗಳ ಗಂಜಿಗೆ ಬೀಳುವುದು ತನ್ನ ಕರಿ ಸೊಪ್ಪು.

ಎದ್ದು ತೋಟಕ್ಕೆ ಹೋಗಿ, ತನ್ನದೇ ಒಂದು ಕಟ್ಟು ಕೊಯ್ದು ತಂದು ಮೇಜಿನ ಮೇಲಿಟ್ಟಳು.

"ಇದು ನಂದು. ಅದು ಅವಳದ್ದು, ಕದ್ದು ತಂದೆ. ಅದ್ದವ್ವ, ಎಲ್ರೂ ನೋಡ್ಲಿ."

ಪಟ್ಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಸಿಂಚನ ಪುಸ್ತಕದಲ್ಲಿದ್ದ ಹೆಸರನ್ನು ಹೊಡೆದುಹಾಕಿ ಕೇಳಿದಳು, "ಹಾಗಾದ್ರೆ ಆ ಮೊದಲಿನ ಸೊಪ್ಪು ಯಾರದ್ದು ಅಂತ ಬರ್ಕೊಳ್ಳಲಿ?"

ಪಿಳ್ಳಿ ಎಂದಷ್ಟೇ ಕರೆದು ರೂಢಿಯಾದ ಆ ಬಾಯಿ ಒಂದು ಗಳಿಗೆ ತಡವರಿಸಿತು.

"ಪಿಳ್ಳಮ್ಮೋರದ್ದು," ಎಂದಳು ಅಶ್ವತ್ಥಮ್ಮ, ತಲೆ ಎತ್ತದೆ.